ಮೇಲಿನ ದೇಶಕ್ಕೊಂದು ಖಣ

ನೀರಿನ ಯೋಜನೆಗಳಲ್ಲಿ ಪ್ರಚಾರದ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗೊಮ್ಮೆ ಈಗೊಮ್ಮೆ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಚುರುಮುರಿ ತಿಂದು, ಜನರಿಗೆ ತಿಳಿಸಿ ಹೇಳುವುದು ಹೇಗೆ ಸರ್ ಎಂದು ಕೇಳುತ್ತಾರೆ. ತಿಳಿಸಿ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡು ತಲೆ ನರೆಸಿಕೊಂಡವನು ನಾನು. ಆದರೆ ನಾನು ಹೇಳಿದ್ದರಿಂದ ಯಾರಿಗಾದರೂ ಏನಾದರೂ ತಿಳಿಯಿತು ಎನ್ನುವ ಧೈರ್ಯ ಮಾತ್ರ ನನಗಿಲ್ಲ. ಹೀಗೆಂದರೆ ಅವರು ವಿನಯ ಎಂದುಕೊಂಡು ನಗುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಬಂದವರಿಗೆಲ್ಲ ಮೊದಲಿನಿಂದ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಒಮ್ಮೆ ಬರೆದು ಹಾಕುತ್ತಿದ್ದೇನೆ.

ನಮ್ಮ ಯೋಜನೆಯ ಕೆಲಸ ಕೇಳಲು ಬಹಳ ಸರಳ. ಒಂದೇ ಕೆರೆ, ಒಂದೇ ಹಳ್ಳದ ನೀರಿಗೆ ಕೈ ಚಾಚುವ ಊರುಗಳು ಜಗಳವಾಡದೆ, ಕೂಡಿ ಸಂಘ ಮಾಡಿಕೊಂಡು, ಹಂಚಿಕೊಂಡು ಬಳಸಬೇಕು. ಎಂಜಿನಿಯರುಗಳು ಕಾಲುವೆ ದುರಸ್ತಿ ಮಾಡುತ್ತಾರೆ. ಹಂಚಿಕೊಂಡರೆ ಏನೇನು ಲಾಭ ಎಂದು ನಾನು ಊರೂರು ತಿರುಗಿ ಹೇಳಬೇಕು. ಕಚೇರಿ ಮೊದಲು ಹಳೇ ಊರಿನ ಒಂದು ಬಾಡಿಗೆ ಮನೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಓಣಿಗೆ ಓಣಿಯೇ ನವನಗರಕ್ಕೆ ಏಳುತ್ತಿದ್ದ ಕಾಲ ಅದು. ನೀರಿನ ಲಾಭ ಸಾರುವ ಪಟಗಳನ್ನು ನೀರಿಗೇ ಅಂಜಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಾವೂ ಎದ್ದು ಬಂದೆವು.

ಆ ಪಟಗಳ ಕಥೆಯನ್ನು ಮೊದಲು ಹೇಳಬೇಕು. ಯೋಜನೆಯ ಬೆನ್ನಿಗಿದ್ದದ್ದು ಒಂದು ಪರದೇಶದ ಸಂಸ್ಥೆ. ಅದೇ ಸಂಸ್ಥೆ ಆಫ್ರಿಕಾದಲ್ಲಿ ಒಂದು ನದಿಯ ಮೇಲೂ ಕೆಲಸ ಮಾಡುತ್ತಿತ್ತು. ಆ ನದಿ ಒಂದು ದೇಶದ ಗುಡ್ಡದಲ್ಲಿ ಹುಟ್ಟಿ, ಗಡಿ ದಾಟಿ, ಇನ್ನೊಂದು ದೇಶದ ಬಯಲಿಗೆ ಇಳಿಯುತ್ತದೆ. ಮೇಲಿನ ದೇಶ, ಕೆಳಗಿನ ದೇಶ ಎರಡೂ ಕೂಡಿ ನೀರು ನೋಡಿಕೊಂಡರೆ ಎಷ್ಟು ಲಾಭ ಎಂದು ಅಲ್ಲಿಯ ಜನರಿಗಾಗಿ ದೊಡ್ಡ ದೊಡ್ಡ ಬಣ್ಣದ ಪಟ ಬರೆಸಿದ್ದರು. ಮೊದಲ ಪಟದಲ್ಲಿ ಜಗಳ, ನಡುವೆ ಬತ್ತಿದ ಹೊಲ, ಆಮೇಲೆ ಮರದ ಕೆಳಗೆ ಸಭೆ, ಕೊನೆಗೆ ಎರಡು ದೇಶದ ಹಿರಿಯರು ಕೈ ಕುಲುಕಿ ನಗುವುದು. ಅಲ್ಲಿ ಉಳಿದಿದ್ದ ಒಂದು ಸುರುಳಿ ಪಟ ಹೇಗೋ ನಮ್ಮ ಕಚೇರಿಗೆ ಬಂತು. ನಮ್ಮ ಮೇಲಧಿಕಾರಿ ಮೈಸೂರು ಕಡೆಯವರು, ಬಲು ಸಜ್ಜನರು, ಎಲ್ಲರೂ ಸಾಹೇಬರು ಎಂದೇ ಕರೆಯುತ್ತಿದ್ದರು. ಚಿತ್ರ ಯಾವ ದೇಶದ್ದಾದರೇನು, ತತ್ವ ಒಂದೇ ತಾನೇ ಎಂದು ಪಟದ ಸುರುಳಿಯನ್ನು ನನ್ನ ಹೆಗಲಿಗೇರಿಸಿದರು. ಅಂದಿನಿಂದ ಬಾದಾಮಿ, ಹುನಗುಂದ ತಾಲೂಕುಗಳಲ್ಲಿ ನನ್ನ ಸ್ವಂತ ಹೆಸರು ಅಳಿಸಿಹೋಗಿ ನಾನು ಪಟದ ಮಾಸ್ತರನಾದೆ.

ಆ ಪಟದಲ್ಲಿ ನೀರಾನೆ ಇತ್ತು. ಶಿರೂರಿನ ಸಭೆಯಲ್ಲಿ ಎಲ್ಲರ ಕಣ್ಣೂ ಅದರ ಮೇಲೆಯೇ. ಇದು ಎಮ್ಮೆಯೋ ಹಂದಿಯೋ, ಹಾಲು ಹಿಂಡುತ್ತದೋ ಇಲ್ಲವೋ ಎಂಬ ಚರ್ಚೆ ಮುಗಿಯುವ ಹೊತ್ತಿಗೆ ಊಟದ ಹೊತ್ತಾಗಿತ್ತು. ಅವತ್ತು ಸಾಹೇಬರೂ ಬಂದು 'ಪರಸ್ಪರ ಸಹಭಾಗಿತ್ವದ ಬಹುಮುಖಿ ಪ್ರಯೋಜನಗಳು' ಎಂದು ಬಹಳ ಹೊತ್ತು ಮಾತಾಡಿದರು. ಮುಂದೆ ಕುಳಿತ ಒಬ್ಬ ಮುದುಕ ಮಧ್ಯೆ ಮಧ್ಯೆ ತಲೆದೂಗಿ, ಕೊನೆಗೆ ನನ್ನ ಕಡೆ ತಿರುಗಿ, "ಸಾಹೇಬ್ರು ಭಾಳ ಚೊಲೊ ಹೇಳಿದ್ರು. ಈಗ ನೀವು ಕನ್ನಡದಾಗ ಹೇಳ್ರಿ" ಎಂದ. ಸಾಹೇಬರು ನಕ್ಕರು. ಮನುಷ್ಯ ಸಜ್ಜನರು ಎಂದದ್ದು ಇದಕ್ಕೇ.

ಕುಳಗೇರಿ ಕ್ರಾಸಿನಲ್ಲಿ ಆದದ್ದು ಇನ್ನೂ ಚೆಂದ. ಹಿಂದಿನ ಊರಿನಲ್ಲಿ ಅವಸರದಿಂದ ಸುತ್ತಿದ ಪಟ ತಿರುಗುಮುರುಗಾಗಿತ್ತು. ಬಸ್ಸುಗಳ ಗದ್ದಲದಲ್ಲಿ ನಾನು ಅದನ್ನು ನೋಡಲಿಲ್ಲ. ಹಿರಿಯರು ಕೈ ಕುಲುಕುವ ಪಟ ಮೊದಲು ಬಂತು, ಆಮೇಲೆ ಸಭೆ, ಆಮೇಲೆ ಬತ್ತಿದ ಹೊಲ, ಕೊನೆಗೆ ಕೊಡಲಿ ಹಿಡಿದ ಜಗಳ. ಬಾಯಿ ಒಂದು ಹೇಳುತ್ತಿತ್ತು, ಪಟ ಇನ್ನೊಂದು ಹೇಳುತ್ತಿತ್ತು. ಮುಗಿದ ಮೇಲೆ ಚಹಾದಂಗಡಿಯ ಮುಂದೆ ನಿಂತ ರೈತರು ನನ್ನ ಬೆನ್ನು ತಟ್ಟಿ, ಇಷ್ಟು ದಿನದಲ್ಲಿ ಇವತ್ತೊಂದೇ ದಿನ ನೀವು ಖರೆ ಹೇಳಿದಿರಿ, ಸಂಘಗಳು ಆಗುವುದು ಹೀಗೇ ಎಂದರು. ಅತ್ಯುತ್ತಮ ಪ್ರತಿಕ್ರಿಯೆ ಬಂದ ಸಭೆ ಎಂದು ಸಾಹೇಬರು ಮೇಲಕ್ಕೆ ವರದಿ ಕಳಿಸಿದರು.

ಇನ್ನು ಅಸಲಿ ಮಾತಿಗೆ ಬರುತ್ತೇನೆ. ಎರಡು ಊರುಗಳು. ಹೆಸರು ಹೇಳುವುದಿಲ್ಲ, ಎರಡೂ ಕಡೆ ಓದುವವರಿದ್ದಾರೆ, ನನ್ನ ತಲೆ ತಿನ್ನುತ್ತಾರೆ. ಬಾದಾಮಿ ತಾಲೂಕಿನಲ್ಲಿ ಗುಡ್ಡದ ಬುಡಕ್ಕೆ ಇರುವುದು ಮೇಲೂರು ಎನ್ನೋಣ, ಅದರ ಕೆಳಗೆ ಹುನಗುಂದ ತಾಲೂಕಿನಲ್ಲಿರುವುದು ಕೆಳೂರು. ಕೆರೆ ಇರುವುದು ಮೇಲೂರಿನಲ್ಲಿ. ಅಲ್ಲಿ ತೂಬು ತೆಗೆದರೆ ನೀರು ಕಾಲುವೆ ಹಿಡಿದು ತಾಲೂಕಿನ ಗಡಿ ದಾಟಿ ಕೆಳೂರಿನ ಹೊಂಡಕ್ಕೆ ಬೀಳುತ್ತದೆ. ಆ ಹೊಂಡ ತುಂಬಿದರೆ ಕೆಳೂರಿನ ಬಾವಿಗಳಲ್ಲಿ ನೀರು, ಇಲ್ಲವಾದರೆ ಇಲ್ಲ.

ನಮ್ಮ ಯೋಜನೆ ಅಲ್ಲಿ ಕಾಲುವೆಗೆ ಸಿಮೆಂಟು ಮಾಡಿಸಿತು, ತೂಬಿಗೆ ಕಬ್ಬಿಣದ ಚಕ್ರ ಕೂಡಿಸಿತು, ಚಕ್ರಕ್ಕೆ ಒಂದು ಪಂಜರ, ಪಂಜರಕ್ಕೆ ಎರಡು ಕೀಲಿ. ಒಂದು ಕೀಲಿಕೈ ಮೇಲೂರಿಗೆ, ಇನ್ನೊಂದು ಕೆಳೂರಿಗೆ. ಇಬ್ಬರೂ ಬಂದರೆ ಮಾತ್ರ ತೆಗೆಯಬೇಕು, ಅದೇ ಜಂಟಿ ನಿರ್ವಹಣೆ ಎಂದು ಸಾಹೇಬರಿಗೆ ಬಲು ಹೆಮ್ಮೆ. ಉದ್ಘಾಟನೆಯ ದಿನ ಮೇಲೂರಿನ ಅಧ್ಯಕ್ಷ ರುದ್ರಗೌಡರನ್ನೂ ಕೆಳೂರಿನ ಅಧ್ಯಕ್ಷ ಈರಪ್ಪನನ್ನೂ ಚಕ್ರಕ್ಕೆ ಕೈ ಹಚ್ಚಿಸಿ ನಿಲ್ಲಿಸಿ ಫೋಟೊ ತೆಗೆಸಿದೆವು. ಗ್ರೀಸ್ ಇನ್ನೂ ಬಂದಿರಲಿಲ್ಲವಾದ್ದರಿಂದ ಚಕ್ರ ತಿರುಗಲಿಲ್ಲ. ಫೋಟೊ ಮಾತ್ರ ಬಹಳ ಚೆನ್ನಾಗಿ ಬಂತು, ಪರದೇಶಕ್ಕೂ ಹೋಯಿತು.

ಎಲ್ಲ ಕೆಟ್ಟದ್ದು ಫಲಕದಿಂದ. ಕಚೇರಿಯವರು ಇಳಕಲ್ಲಿನ ಪೇಂಟರನ ಕೈಯಲ್ಲಿ ಬರೆಸಿದ ಫಲಕದಲ್ಲಿ ಕೆಳೂರಿನ ಹೆಸರು ಮೇಲಿತ್ತು, ಮೇಲೂರಿನ ಹೆಸರು ಕೆಳಗಿತ್ತು. ಇದರಲ್ಲೇನಿದೆ ಎಂದು ನೀವು ಕೇಳಬಹುದು, ಸಾಹೇಬರೂ ಕೇಳಿದರು. ರುದ್ರಗೌಡರು ಫಲಕದ ಮುಂದೆ ನಿಂತು, "ಸಾಹೇಬ್ರ, ನೀರು ಮ್ಯಾಲಿಂದ ಕೆಳಗ ಹರೀತೈತೋ, ಕೆಳಗಿಂದ ಮ್ಯಾಲೋ?" ಎಂದು ಒಂದೇ ಮಾತು ಕೇಳಿ ಮನೆಗೆ ಹೋದರು. ಆ ವಾರವೇ ಮೇಲೂರಿನ ಕೀಲಿಕೈ ಕಳೆದುಹೋಯಿತು. ಫಲಕ ಅಳಿಸಿ ಬರೆಸಿದೆವು, ಕೀಲಿಕೈ ಸಿಗಲಿಲ್ಲ. ಮುಂದಿನ ವರ್ಷ ಕೆರೆ ತುಂಬಿತು, ಆಗಲೂ ಸಿಗಲಿಲ್ಲ. ಬೇರೆ ಕೀಲಿ ಹಾಕಿಸೋಣ ಎಂದು ನಾನೆಂದರೆ, ಹಾಗೆ ಮಾಡಿದರೆ ಮೇಲೂರಿನ ಸಹಭಾಗಿತ್ವಕ್ಕೆ ಧಕ್ಕೆ ಬರುತ್ತದೆ ಎಂದರು ಸಾಹೇಬರು. ನೀನು ಮತ್ತೊಮ್ಮೆ ಹೋಗಿ ಲಾಭಗಳನ್ನು ಮನದಟ್ಟು ಮಾಡಿಸು ಎಂದರು.

ನಾನು ಹೋದೆ, ಮತ್ತೆ ಮತ್ತೆ ಹೋದೆ. ಮೇಲೂರಿನಲ್ಲಿ ಪಟ ಬಿಚ್ಚಿದರೆ ಎಲ್ಲರೂ ಮೇಲಿನ ದೇಶದ ಪಾರ್ಟಿ. ನೀರು ಬಿಟ್ಟು ಮೇಲಿನವರಿಗೆ ಏನು ಸಿಕ್ಕಿತು ಎಂದು ಕೇಳುವರು. ಕರೆಂಟು ಸಿಕ್ಕಿತು, ಮೀನು ಸಿಕ್ಕಿತು ಎಂದರೆ, ಮೀನು ನಮಗೆ ನಡೆಯುವುದಿಲ್ಲ, ಕರೆಂಟು ಅವರಿಗಾದರೂ ಎಷ್ಟು ತಾಸು ಇರುತ್ತದೆ ಎಂದು ಕೇಳುವರು. ರುದ್ರಗೌಡರ ಹೆಂಡತಿ ಬಸಲಿಂಗವ್ವ ಮಾತ್ರ ಬಾಗಿಲಲ್ಲಿ ಕುಳಿತು ಪಟದಲ್ಲಿಯ ಹೆಂಗಸರನ್ನೇ ನೋಡುವಳು. ಕೊಡ ಹೊತ್ತವರು ಆ ದೇಶದಲ್ಲೂ ಹೆಂಗಸರೇ ಏನು ಎಂದು ಒಮ್ಮೆ ಕೇಳಿದಳು. ಹೌದು ಎಂದೆ.

ಕೆಳೂರಿನಲ್ಲಿ ಎಲ್ಲರೂ ಕೆಳಗಿನ ದೇಶದ ಕಡೆ. ಅಧ್ಯಕ್ಷ ಈರಪ್ಪ ನೇಕಾರ. ಮನೆಯಲ್ಲೇ ಕುಣಿ ಮಗ್ಗ, ನೇಯುವುದು ಇಳಕಲ್ ಸೀರೆ. ನೂಲು ತೊಳೆಯಲು, ಗಂಜಿ ಹಾಕಲು ನೀರು ಬೇಕು. ಹೊಂಡ ಒಣಗಿ, ಬಾವಿ ತಳ ಕಂಡು, ಅವನ ಹೆಂಡತಿ ಹರದಾರಿ ದೂರದಿಂದ ನೀರು ಹೊತ್ತು ತರುತ್ತಿದ್ದಳು. ಊರಿನ ಮಗ್ಗದವರೆಲ್ಲ ಒಬ್ಬೊಬ್ಬರಾಗಿ ಇಳಕಲ್ಲಿನಲ್ಲಿ ಬಾಡಿಗೆ ಮನೆ ನೋಡುತ್ತಿದ್ದರು. ಈರಪ್ಪ ಹೋಗಲೊಲ್ಲ. ಅವನು ಕಾಲು ಇಳಿಬಿಟ್ಟು ಕುಳಿತ ಆ ಕುಣಿಯನ್ನು ಅವನ ಅಜ್ಜ ತೋಡಿದ್ದಂತೆ.

"ಈ ಬ್ಯಾಸಗಿ ನೋಡ್ತೇನ್ರಿ ಮಾಸ್ತರ. ಹೊಂಡಕ್ಕ ನೀರು ಬರಲಿಲ್ಲಂದ್ರ ನಾನೂ ಹೊಂಟೆ. ಮಗ್ಗ ಕಿತ್ತಮ್ಯಾಲ ಈ ಊರಾಗ ಮತ್ತ ಕುಣಿ ತೋಡೋರು ಯಾರು?" ಎಂದ.

ಹಾಗಂದು ನನ್ನ ಪಟದ ಕಡೆ ನೋಡಿ, ಆ ಕೆಳಗಿನ ದೇಶದವರಿಗೆ ನೀರು ಬಂತೇನು ಎಂದು ಕೇಳಿದ. ನನಗೇನು ಗೊತ್ತು? ಆದರೆ ಗೊತ್ತಿಲ್ಲ ಎನ್ನುವುದು ನಮ್ಮ ಕೆಲಸದಲ್ಲಿ ರೂಢಿ ಇರಲಿಲ್ಲ. ಬಂತು, ಒಪ್ಪಂದ ಆಯಿತು, ಈಗ ಎರಡೂ ದೇಶದವರು ಸುಖವಾಗಿದ್ದಾರೆ ಎಂದೆ. ಹಾಗಾದರೆ ನಮಗೂ ಬರುತ್ತದೆ ಬಿಡಿ ಎಂದು ಅವನು ಲಾಳಿ ಎಸೆದ. ನಾನು ಪಟ ಸುತ್ತಿಕೊಂಡು ಎದ್ದೆ.

ಇದೇ ಹೊತ್ತಿಗೆ ಮೇಲೂರಿನಲ್ಲಿ ನಾನು ಕಂಡ ಒಂದು ಪದ್ಧತಿಯನ್ನು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಮ್ಮ ಕಡೆ ಗಂಡನ ಮನೆಗೆ ಹೊರಟ ಮಗಳಿಗೆ ತವರಿನವರು ಉಡಿ ತುಂಬುತ್ತಾರೆ. ಸೆರಗು ಒಡ್ಡಿ ನಿಂತವಳಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಹಾಕಿ, ಮೇಲೊಂದು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ ಇಡುತ್ತಾರೆ. ಇದು ಎಲ್ಲ ಊರಲ್ಲೂ ಉಂಟು. ಮೇಲೂರಿನಲ್ಲಿ ಮಾತ್ರ ಇನ್ನೊಂದು ಕಟ್ಟಳೆ. ಉಡಿ ತುಂಬಿಸಿಕೊಂಡವಳು ಹೊಸ್ತಿಲು ದಾಟುವ ಮೊದಲು ಏನಾದರೊಂದು ಕೇಳಿದರೆ ತವರು ಇಲ್ಲ ಎನ್ನುವ ಹಾಗಿಲ್ಲ. ಒಮ್ಮೆ ನಾನು ಊಟಕ್ಕೆ ಕುಳಿತಿದ್ದಾಗಲೇ ರುದ್ರಗೌಡರ ಮಗಳು ಹಾಗೆ ನಿಂತು, ಹಿಂಡುವ ಎಮ್ಮೆಯನ್ನೇ ಕೇಳಿಬಿಟ್ಟಳು. ಗೌಡರ ಮುಖ ಹುಳ್ಳಗಾಯಿತು, ಆದರೆ ಹಗ್ಗ ಬಿಚ್ಚಿ ಕೊಟ್ಟರು. ಜಾಣ ಸೊಸೆಯಂದಿರು ನಾದಿನಿ ಹೊರಡುವ ದಿನ ಒಳ್ಳೆಯ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿಡುತ್ತಾರೆ ಎಂದು ಬಸಲಿಂಗವ್ವನೇ ನಗುತ್ತ ಹೇಳಿದಳು.

ಅಷ್ಟರಲ್ಲಿ ಕಚೇರಿಗೆ ಸುದ್ದಿ ಬಂತು. ಆಫ್ರಿಕಾದ ಆ ಎರಡು ದೇಶಗಳ ಅಧಿಕಾರಿಗಳು ನಮ್ಮ ಜಂಟಿ ನಿರ್ವಹಣೆಯನ್ನು ನೋಡಿ ಕಲಿಯಲು ಬರುತ್ತಾರೆ, ಮೇಲೂರಿಗೇ ಬರುತ್ತಾರೆ. ಸಾಹೇಬರು ಬೆವತರು. ಬಾದಾಮಿಯ ಗುಹೆ, ಪಟ್ಟದಕಲ್ಲಿನ ಗುಡಿ ತೋರಿಸಿ ಹೊತ್ತು ಕಳೆದು, ಮೇಲೂರಿನಲ್ಲಿ ಸನ್ಮಾನ, ಫಲಕದ ಮುಂದೆ ಫೋಟೊ, ಚಹಾ, ಅಷ್ಟಕ್ಕೇ ಮುಗಿಸಬೇಕು, ಚಕ್ರದ ಹತ್ತಿರ ಯಾರೂ ಹೋಗಕೂಡದು ಎಂದು ತಾಕೀತು ಮಾಡಿದರು. ಕೆಳೂರಿನವರೂ ಒಗೆದ ಬಟ್ಟೆ ಹಾಕಿಕೊಂಡು ಬಂದು ಮೇಲೂರಿನವರ ಪಕ್ಕ ಕುಳಿತುಕೊಳ್ಳಬೇಕು. ಅವರನ್ನು ಒಪ್ಪಿಸುವ ಕೆಲಸ ನನ್ನದು. ಈರಪ್ಪ ಮರುಮಾತಾಡದೆ ಬರುತ್ತೇನೆ ಎಂದ. ಮಗ್ಗ ಕೀಳುವ ದಿನ ಗೊತ್ತು ಮಾಡಿದ್ದೇನೆ, ಅದಕ್ಕೆ ಮೊದಲು ಆ ಕೆಳಗಿನ ದೇಶದವರನ್ನು ಕಣ್ಣಿಂದ ನೋಡಬೇಕು ಎಂದ.

ಬಂದವರಲ್ಲಿ ಇಬ್ಬರು ನನಗೆ ನೆನಪಿದ್ದಾರೆ. ಮೇಲಿನ ದೇಶದಿಂದ ಬಂದವರು ಟೈ ಕಟ್ಟಿದ ಗಂಭೀರ ಮನುಷ್ಯ, ಮಾತು ಕಡಿಮೆ. ಕೆಳಗಿನ ದೇಶದಿಂದ ಬಂದವಳು ಗ್ರೇಸ್ ಎಂಬ ನಡುವಯಸ್ಸಿನ ಹೆಣ್ಣುಮಗಳು, ಹೂಬಣ್ಣದ ದೊಡ್ಡ ಗೌನು ಹಾಕಿದ್ದಳು. ಬಾದಾಮಿಯಿಂದ ಮೇಲೂರಿನ ದಾರಿಯಲ್ಲಿ ಜೀಪಿನಲ್ಲಿ ನನ್ನ ಪಕ್ಕ ಕುಳಿತಳು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೂ ಧೈರ್ಯ ಮಾಡಿ, ನಿಮ್ಮ ನದಿಯ ಒಪ್ಪಂದದ ಬಗ್ಗೆ ಇಲ್ಲಿ ಊರೂರಿಗೆ ಹೇಳಿದ್ದೇನೆ ಎಂದೆ. ಯಾವ ಒಪ್ಪಂದ ಎಂದು ಕೇಳಿದಳು. ಹಿರಿಯರು ಕೈ ಕುಲುಕಿದ್ದು ಎಂದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ ಜೋರಾಗಿ ನಕ್ಕಳು. ಅಂಥದ್ದೇನೂ ಆಗಿಲ್ಲವಂತೆ. ಎರಡು ದೇಶದವರೂ ವರ್ಷಗಟ್ಟಲೆ ಹೋಟೆಲುಗಳಲ್ಲಿ ಸಭೆ ಸೇರಿ ಎದ್ದು ಹೋಗುತ್ತಾರಂತೆ. ಪ್ರತಿ ಸಭೆಯಲ್ಲೂ ಸಂಸ್ಥೆಯವರು ದೀಪ ಆರಿಸಿ ಗೋಡೆಯ ಮೇಲೆ ಒಂದು ಫೋಟೊ ತೋರಿಸುತ್ತಾರಂತೆ. ತಲೆಗೆ ಪಟಗ ಸುತ್ತಿದ ಇಬ್ಬರು ಹಿರಿಯರು ಕಬ್ಬಿಣದ ಚಕ್ರಕ್ಕೆ ಕೈ ಹಚ್ಚಿ ನಿಂತದ್ದು. ನೋಡಿ, ಇಂಡಿಯಾದ ಬಡ ಹಳ್ಳಿಗಳೇ ಮಾಡಿವೆ, ನಿಮಗೇಕೆ ಆಗುವುದಿಲ್ಲ ಎನ್ನುತ್ತಾರಂತೆ. ನನಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಇಲ್ಲಿ ನಾನು ಅವರನ್ನು ತೋರಿಸಿ ಇವರನ್ನು ನಂಬಿಸುತ್ತಿದ್ದೆ, ಅಲ್ಲಿ ಇನ್ಯಾವನೋ ನನ್ನಂಥವನು ಇವರನ್ನು ತೋರಿಸಿ ಅವರನ್ನು ನಂಬಿಸುತ್ತಿದ್ದ. ಗ್ರೇಸ್ ಉಳಿದ ದಾರಿಯೆಲ್ಲ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಮಧ್ಯೆ ಒಮ್ಮೆ ಒಣಗಿದ ಕಾಲುವೆ ಕಾಣಿಸಿತು, ಅದನ್ನೂ ನೋಡಿದಳು.

ರುದ್ರಗೌಡರ ಪಡಸಾಲೆಯಲ್ಲಿ ಸನ್ಮಾನ. ಮೇಲಿನ ದೇಶದವರಿಗೆ ಗೌಡರೇ ಪಟಗ ಸುತ್ತಿದರು. ನಾವೂ ಮ್ಯಾಲಿನವ್ರ, ನೀವೂ ಮ್ಯಾಲಿನವ್ರ ಎಂದು ಅವರನ್ನು ತಮ್ಮ ಪಕ್ಕಕ್ಕೇ ಕೂಡಿಸಿಕೊಂಡರು. ಗ್ರೇಸಳಿಗೆ ಶಾಲು ಹೊದಿಸಿ ಮುಗಿಸುವುದು ಸಾಹೇಬರ ಲೆಕ್ಕ. ಬಸಲಿಂಗವ್ವ ಒಪ್ಪಲಿಲ್ಲ. ದೂರದಿಂದ ಬಂದ ಹೆಣ್ಣುಮಗಳನ್ನು ಶಾಲು ಹೊದಿಸಿ ಗಂಡಸರ ಹಾಗೆ ಕಳಿಸುವುದೇ ಎಂದು ಒಳಗೆ ಕರೆದೊಯ್ದಳು. ಗೌನಿಗೆ ಸೆರಗೆಲ್ಲಿಯದು? ತನ್ನ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಗೌನಿನ ಮೇಲೆಯೇ ಉಡಿಸಿದಳು. ಗಂಡ ಏನು ಮಾಡುತ್ತಾನೆ, ಮಕ್ಕಳೆಷ್ಟು, ಅತ್ತೆ ಇದ್ದಾಳೋ ಎಂದು ನನ್ನ ಬಾಯಿಂದ ಕೇಳಿಸಿದಳು. ಓಣಿಯ ಹೆಂಗಸರೆಲ್ಲ ಸೇರಿ ಉಡಿ ತುಂಬಿ, ಮೇಲೊಂದು ಖಣ ಇಟ್ಟರು. "ನಮ್ಮ ಬಣ್ಣದಾಕಿನ ಅದಾಳ. ನಮ್ಮ ಮಗಳ ಅನ್ರಿ" ಎಂದು ಬಸಲಿಂಗವ್ವ ಅವಳ ಗದ್ದ ಹಿಡಿದಳು. ಗ್ರೇಸಳ ಕಣ್ಣು ತುಂಬಿದವು. ತನ್ನ ತಾಯಿಯ ನೆನಪಾಯಿತು ಎಂದಳು.

ಎಲ್ಲ ಸುಸೂತ್ರವಾಯಿತು ಎಂದು ಸಾಹೇಬರು ಜೀಪಿನ ಕಡೆ ಹೆಜ್ಜೆ ಹಾಕಿದರು. ಗ್ರೇಸ್ ಸೆರಗಿನ ಭಾರ ಹಿಡಿದು ಹೊಸ್ತಿಲ ಹತ್ತಿರ ಬಂದು ನಿಂತಳು. ಎದುರಿಗೆ ದೂರದಲ್ಲಿ ಕೆರೆಯ ಏರಿ, ಏರಿಯ ಮೇಲೆ ಪಂಜರ ಕಾಣುತ್ತಿತ್ತು. ಅಲ್ಲಿಂದಲೇ ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: "ನಾನು ಚಕ್ರವನ್ನು ಫೋಟೊದಲ್ಲಿ ನೋಡಿದ್ದೇನೆ. ನೀರನ್ನು ನೋಡಿಲ್ಲ. ಒಮ್ಮೆ ತೆಗೆಯಿರಿ, ಅದು ಕೆಳಗೆ ಹೋಗುವುದನ್ನು ನೋಡಬೇಕು."

ಸಾಹೇಬರು ಲಗುಬಗೆಯಿಂದ ತಿರುಗಿ ಬಂದು ತಾಂತ್ರಿಕ ಕಾರಣ, ಋತುಮಾನ, ಸುರಕ್ಷತೆ ಎಂದೇನೋ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಬಸಲಿಂಗವ್ವ ನನ್ನ ತೋಳು ಹಿಡಿದಳು.

"ಪಟದ ಮಾಸ್ತರ, ಆಕಿ ಏನ್ ಕೇಳಾಕತ್ತಾಳ?"

ಸಾಹೇಬರು ಮಾತಾಡುತ್ತಲೇ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಬೇಡ ಎಂದರ್ಥ. ಅವರ ಹಿಂದೆ ಕಂಬಕ್ಕೆ ಒರಗಿ ಈರಪ್ಪ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದ, ಅವನ ಕೀಲಿಕೈ ಉಡದಾರಕ್ಕೆ ಕಟ್ಟಿತ್ತು. ಎಲ್ಲರಿಗೂ ಎಲ್ಲವನ್ನೂ ಸುತ್ತುಬಳಸಿ ಹೇಳಿಕೊಂಡು ಬಂದ ನಾನು, ಒಂದು ಮಾತನ್ನು ಕೂಡಿಸದೆ ಕಳೆಯದೆ ಹೇಳಿದ್ದು ಅವತ್ತೊಂದೇ ದಿನ.

"ತೂಬು ತೆಗೀರಿ, ನೀರು ಕೆಳಗ ಹೋಗೂದು ನೋಡಬೇಕು ಅಂತಾಳವ್ವ" ಎಂದೆ.

ರುದ್ರಗೌಡರು ಹೆಂಡತಿಯ ಮುಖ ನೋಡಿದರು.

"ಉಡಿ ತುಂಬ್ಯಾತೇನು?"

"ತುಂಬ್ಯಾತಿ."

"ಹೊಸ್ತಿಲಾ ದಾಟ್ಯಾಳೇನು?"

"ಒಳಗ ನಿಂತಾಳ, ಕಾಣೂದಿಲ್ಲೇನು?"

ಗೌಡರು ಗ್ರೇಸಳ ಕಾಲಿನ ಕಡೆ ಬಗ್ಗಿ ನೋಡಿದರು. ಹೆಬ್ಬೆರಳು ಹೊಸ್ತಿಲಿಗೆ ತಾಗಿತ್ತು, ದಾಟಿರಲಿಲ್ಲ. ಎಮ್ಮೆ ಹೋದ ದಿನ ಆದ ಹಾಗೇ ಮುಖ ಹುಳ್ಳಗಾಯಿತು. ನಾವೇನು ಕರೆದು ಉಡಿ ತುಂಬು ಎಂದಿದ್ದೆವೇ ಎಂದು ಹೆಂಡತಿಯ ಮೇಲೆ ಗೊಣಗಿದರು. ಆಮೇಲೆ ಎದ್ದು, ಧೋತರ ಸರಿಪಡಿಸಿಕೊಂಡು, ಕೀಲಿಕೈ ಎಲ್ಲಿ ಎಂದರು. ಕಳೆದುಹೋಗಿದೆ ಎಂದು ನಾವು ಮೇಲಿನ ಕಚೇರಿಗೂ ಬರೆದಿದ್ದ ಆ ಕೀಲಿಕೈ ಬಸಲಿಂಗವ್ವನ ಸೊಂಟದ ಗೊಂಚಲಿನಲ್ಲಿತ್ತು. ನಾನು ಆ ಮನೆಯಲ್ಲಿ ಉಂಡ ಪ್ರತಿ ಸಲವೂ ಅದು ನನ್ನ ಕಣ್ಣ ಮುಂದೆಯೇ ಝಣಝಣ ಎನ್ನುತ್ತಿತ್ತು.

ಏರಿಯ ಮೇಲೆ ಗೌಡರು ಒಂದು ಕೀಲಿ ತೆಗೆದರು, ಈರಪ್ಪ ಇನ್ನೊಂದು ತೆಗೆದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಕ್ರ ತುಕ್ಕು ಹಿಡಿದಿತ್ತು, ಇಬ್ಬರೂ ಕೂಡಿ ಎಳೆದರೂ ಅಲುಗಲಿಲ್ಲ. ಆಗ ಮೇಲಿನ ದೇಶದಿಂದ ಬಂದ ಆ ಗಂಭೀರ ಮನುಷ್ಯ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಪಟಗ ಹಾಗೇ ಇಟ್ಟುಕೊಂಡು ಬಂದು ಮೂರನೆಯ ಕೈ ಹಚ್ಚಿದರು. ಚಕ್ರ ಕಿರ್ ಎಂದು ತಿರುಗಿತು. ನೀರು ಮೊದಲು ಕಸ ಕಡ್ಡಿ ತಳ್ಳಿಕೊಂಡು, ಆಮೇಲೆ ಬಿಳಿ ನೊರೆ ಎಬ್ಬಿಸಿಕೊಂಡು ಕಾಲುವೆಗೆ ಬಿತ್ತು. ಈರಪ್ಪ ಧೋತರ ಎತ್ತಿ ಕಟ್ಟಿ, ನೀರಿನ ಮುಂದೆ ಮುಂದೆ ತನ್ನ ಊರಿನ ಕಡೆಗೆ ಓಡಿದ. ಆ ವಯಸ್ಸಿನಲ್ಲಿ ಅವನು ಹಾಗೆ ಓಡಿದ್ದನ್ನು ನೋಡಿ ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಗ್ರೇಸ್ ಉಡಿ ಹಿಡಿದುಕೊಂಡೇ ಏರಿಯ ಮೇಲೆ ನಿಂತಿದ್ದಳು. ಇವರು ಏಕೆ ತೆಗೆದರು ಎಂದು ನನ್ನನ್ನು ಕೇಳಿದಳು. ನಿನ್ನ ತವರಾಯಿತು, ನೀನು ಕೇಳಿದೆ, ಅದಕ್ಕೆ ಎಂದೆ. ಹಂಚಿಕೊಂಡರೆ ಆಗುವ ಲಾಭದ ಮಾತು ಎಲ್ಲೂ ಬರಲಿಲ್ಲವಲ್ಲ ಎಂದಳು. ಇಲ್ಲ, ಬರಲಿಲ್ಲ ಎಂದೆ. ಅವಳು ತನ್ನ ಜೊತೆಗೆ ಬಂದ ಮೇಲಿನ ದೇಶದವರ ಕಡೆ ನೋಡಿದಳು. ಅವರು ಕೈಗೆ ಹತ್ತಿದ ತುಕ್ಕನ್ನು ಒರೆಸಿಕೊಳ್ಳುತ್ತಿದ್ದರು.

ಸಾಹೇಬರು ನನಗೆ ಏನೂ ಅನ್ನಲಿಲ್ಲ. ಸಂದರ್ಶಕರ ಸಮ್ಮುಖದಲ್ಲಿ ಯಶಸ್ವಿ ಪ್ರಾತ್ಯಕ್ಷಿಕೆ ಎಂದು ವರದಿ ಹೋಯಿತು, ಪಟಗಳ ಮೂಲಕ ಮೂಡಿಸಿದ ಜಾಗೃತಿಯ ಫಲ ಎಂದೂ ಸೇರಿಸಿದರು. ಅದರಿಂದ ನನಗೆ ಏನು ಬಂತು ಎಂಬುದನ್ನು ಬರೆಯುವುದಿಲ್ಲ. ಈರಪ್ಪನ ಮಗ್ಗ ಮಾತ್ರ ಕುಣಿಯಲ್ಲೇ ಉಳಿಯಿತು. ಮರುವರ್ಷ ಅದೇ ಹೊತ್ತಿಗೆ ನಾನು ಅಂಜುತ್ತಂಜುತ್ತ ಮೇಲೂರಿಗೆ ಹೋದರೆ ಕಾಲುವೆ ಹರಿಯುತ್ತಿತ್ತು. ಕೆಳೂರಿಗೆ ಬಿಟ್ಟಿರೇನು ಎಂದು ರುದ್ರಗೌಡರನ್ನು ಕೇಳಿದೆ. "ಕೆಳೂರಿಗೆ ಯಾಕ ಬಿಡೂಣ? ಮಗಳ ನೀರು ಬಿಟ್ಟೇವಿ. ಅದು ಕೆಳಗ ಹೋದ್ರ ನಾವೇನ್ ಮಾಡಾಕ ಬರತೈತಿ?" ಎಂದರು. ಕೆಳೂರಿನವರೂ ಅದನ್ನು ಮೇಲೂರಿನ ಉಪಕಾರ ಎನ್ನಲಿಲ್ಲ, ಆಫ್ರಿಕಾದಾಕಿಯ ನೀರು ಎಂದೇ ಕರೆದರು. ಯಾರೂ ಯಾರಿಗೂ ತಲೆ ಬಾಗಿಸಬೇಕಾಗಲಿಲ್ಲ. ಅಂದಿನಿಂದ ಮಗಳ ನೀರು ತಪ್ಪಿಲ್ಲ.

ಆಮೇಲೆ ಪಟ ಹೋಗಿ ಸ್ಲೈಡು ಬಂತು, ಬೀದಿನಾಟಕ ಬಂತು, ವಿಡಿಯೊ ಗಾಡಿ ಬಂತು, ನಾನು ಕೆಲಸ ಬಿಡುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಅಕ್ಷರಗಳು ಎಡಗಡೆಯಿಂದ ಹಾರಿ ಬಂದು ಕೂಡುವ ವಿದ್ಯೆಯೂ ಬಂತು. ಎಲ್ಲದರಲ್ಲೂ ಕೊನೆಗೆ ಎರಡು ಕಡೆಯ ಹಿರಿಯರು ಕೈ ಕುಲುಕುತ್ತಲೇ ಇದ್ದರು. ಹೊಸಬರಾದ ನೀವು ಮಾಡುತ್ತಿರುವುದೂ ಅದನ್ನೇ ಇರಬೇಕು. ಮಾಡಿ, ಸಂಬಳ ಬರುತ್ತದೆ.

ನಿವೃತ್ತಿಯಾದ ಮೇಲೆ ಒಮ್ಮೆ ಮೇಲೂರಿಗೆ ಹೋಗಿದ್ದೆ. ಹೆಗಲ ಮೇಲೆ ಸುರುಳಿ ಇಲ್ಲದ ನನ್ನನ್ನು ಗುರುತಿಸಲು ಗೌಡರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬಸಲಿಂಗವ್ವನಿಗೆ ಕಣ್ಣು ಮಂಜಾಗಿವೆ, ದನಿ ಕೇಳಿಯೇ ಗುರುತು ಹಿಡಿದಳು. ಕುಳಿತು ಚಹಾ ಬಾಯಿಗಿಡುವ ಮೊದಲೇ ಕೇಳಿದಳು.

"ಮಾಸ್ತರ, ನಮ್ಮ ಮಗಳ ದೇಶಕ್ಕ ಮ್ಯಾಲಿನವ್ರು ನೀರು ಬಿಟ್ರೇನ್ರಿ?"

ಅದೇ ಪ್ರಶ್ನೆ. ಇದಕ್ಕೆ ನಾನು ಎಷ್ಟು ಊರುಗಳಲ್ಲಿ ಎಷ್ಟು ಬಗೆಯ ಉತ್ತರ ಕೊಟ್ಟಿದ್ದೆನೋ. ಅವಳಿಗೆ ಮಾತ್ರ ಇದ್ದದ್ದನ್ನೇ ಹೇಳಿದೆ. "ಗೊತ್ತಿಲ್ಲವ್ವ" ಎಂದೆ.

ಅವಳು ಸಿಟ್ಟಾಗಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು. ಮಡಿಕೆ ಬಿಚ್ಚದ ಒಂದು ಗುಳೇದಗುಡ್ಡದ ಖಣ ತಂದು ನನ್ನ ಕೈಯಲ್ಲಿಟ್ಟಳು.

"ಅವತ್ತ ಪಟಗ ಸುತ್ತಿಕೊಂಡು ಚಕ್ರಕ್ಕ ಕೈ ಹಚ್ಚಿದ್ನಲ್ಲ, ಮ್ಯಾಲಿನ ದೇಶದಾವ, ಅವನ ಹೇಂತಿಗೆ ಇದನ್ನ ಮುಟ್ಟಸ್ರಿ. ಗಂಡಸರ ಕೈಯಾಗ ಆಗೂ ಕೆಲಸ ಅಲ್ಲ ಇದು. ಕೆಳಗಿನ ದೇಶದ ಗ್ರೇಸವ್ವ ನಮ್ಮ ಮಗಳು, ನಿನ್ನ ಬಾಗಿಲಿಗೆ ಬಂದ್ರ ಬರಿ ಉಡೀಲೆ ಕಳಸಬ್ಯಾಡವ್ವ ಅಂದಾರ ಅಂತ ಹೇಳ್ರಿ."

ಖಣ ಇನ್ನೂ ನನ್ನ ಹತ್ತಿರವೇ ಇದೆ. ಆ ಸಂಸ್ಥೆಯವರು ನಮ್ಮ ಕಡೆಯಿಂದ ಹೋಗಿ ಬಹಳ ದಿನವಾಯಿತು, ಯಾರ ವಿಳಾಸವೂ ನನ್ನಲ್ಲಿಲ್ಲ. ನದಿಯ ಹೆಸರು ಮಾತ್ರ ಗೊತ್ತಿದೆ, ಮನೆಗೆ ಬಂದರೆ ಹೇಳುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ನಿಮ್ಮಲ್ಲಿ ಯಾರಾದರೂ ಸಭೆಗೋ ತರಬೇತಿಗೋ ಆ ಕಡೆ ಹೋಗುವವರಿದ್ದರೆ, ಪಟ ಇಲ್ಲೇ ಬಿಟ್ಟುಹೋಗಿ, ಇದನ್ನು ಒಯ್ಯಿರಿ.